ನೀರಿನಡಿ ರೆಗ್ಯುಲೇಟರ್ ಕೆಟ್ಟರೆ ಉಸಿರು ನಿಂತೇಬಿಡುತ್ತಾ?

ಸಾಮಾನ್ಯವಾಗಿ ಇಲ್ಲ. ಸ್ಕೂಬಾ ಡೈವಿಂಗ್‌ನಲ್ಲಿ ಬೆನ್ನ ಮೇಲಿನ ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ಸಾಧನವೇ ರೆಗ್ಯುಲೇಟರ್. ಅದು ಕೆಟ್ಟರೆ ಗಾಳಿ ನಿಲ್ಲುವುದು ಅಪರೂಪ, ಭುಸ್ಸೆಂದು ಸುರಿಯುವುದೇ ಜಾಸ್ತಿ. ಬೆಂಗಳೂರಿನಿಂದ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆಂದು ಮೊದಲ ಸಲ ಹೊರಟವರಿಗೆಲ್ಲ ಇದೇ ಭಯ, ಅಲ್ವಾ?

ಬಾಯಲ್ಲಿ ಕಚ್ಚುವ ಭಾಗದೊಳಗೆ ಒಂದು ವಾಲ್ವ್ ಇದೆ. ಅದನ್ನು ಮುಚ್ಚಿ ಹಿಡಿಯುವುದು ಸಣ್ಣ ಸ್ಪ್ರಿಂಗ್. ಸಿಲಿಂಡರಿನಿಂದ ಬರುವ ಗಾಳಿ ಅದನ್ನು ತೆರೆಯುವ ಕಡೆಗೇ ತಳ್ಳುತ್ತಿರುತ್ತದೆ. ಹಾಗಾಗಿ ಸ್ಪ್ರಿಂಗ್ ಸೋತರೆ ವಾಲ್ವ್ ತೆರೆದುಕೊಳ್ಳುತ್ತದೆ. ಗುಳ್ಳೆಗಳ ಅಬ್ಬರದ ನಡುವೆಯೂ, ಮೌತ್‌ಪೀಸನ್ನು ಪೂರ್ತಿ ಕಚ್ಚದೆ, ಬೇಕಾದಷ್ಟು ಗಾಳಿ ಎಳೆದುಕೊಳ್ಳಬಹುದು. ಕೋರ್ಸ್ ಮಾಡುವವರಿಗೆ ಇದನ್ನು ಈಜುಕೊಳದಲ್ಲೇ ಅಭ್ಯಾಸ ಮಾಡಿಸುತ್ತಾರೆ.

ಆದರೆ ಹೀಗೆ ಸುರಿದರೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದ ಸಿಲಿಂಡರ್ ಕೆಲವೇ ನಿಮಿಷಗಳಲ್ಲಿ ಬರಿದು. ತಕ್ಷಣ ಮೇಲಕ್ಕೆ ಹೊರಡಬೇಕು. ಎದೆಯ ಹತ್ತಿರ ಸಿಕ್ಕಿಸಿಕೊಳ್ಳುವ ಎರಡನೇ ರೆಗ್ಯುಲೇಟರ್, ಸಾಮಾನ್ಯವಾಗಿ ಹಳದಿ ಬಣ್ಣದ್ದು, ಅದನ್ನು ಆಕ್ಟೋಪಸ್ ಅನ್ನುತ್ತಾರೆ. ನಿಮ್ಮ ಆಕ್ಟೋಪಸ್ ಕೂಡ ಅದೇ ಸಿಲಿಂಡರಿಗೆ ಜೋಡಿಸಿದ್ದು. ಸಿಲಿಂಡರ್ ಖಾಲಿಯಾದರೆ ಅದೂ ಸುಮ್ನೆ. ನಿಮ್ಮ ನಿಜವಾದ ಬದಲಿ ಗಾಳಿ ಇರುವುದು ಜೊತೆಗಾರರ ಬೆನ್ನ ಮೇಲೆ. ಮೀನು ನೋಡುತ್ತಾ ಅವರಿಂದ ದೂರ ಹೋಗಬೇಡಿ. ಅವರ ಹಳದಿ ಆಕ್ಟೋಪಸ್ ಎಲ್ಲಿ ಸಿಕ್ಕಿಸಿದ್ದಾರೆ ಅಂತ ದೋಣಿಯಲ್ಲೇ ಮುಟ್ಟಿ ನೋಡಿಕೊಳ್ಳಿ.