24 ಪೀಸಿನ ಸೆಟ್ ಯಾಕೆ ಬೇಡ?

ಹೋದ ಸಂಚಿಕೆಯಲ್ಲಿ, ಕೀಲಿ ಇಲ್ಲದೆ ಬೀಗ ತೆಗೆಯುವುದೂ ಒಂದು ಒಳ್ಳೆಯ ಹವ್ಯಾಸ ಅಂತ ಎರಡು ಸಾಲು ಬರೆದಿದ್ದೆ. ಆ ಎರಡು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಗಡಿಯಾರ ರಿಪೇರಿ, ರೇಡಿಯೋ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು, ಇವತ್ತು ಬರೀ ಬೀಗದ ಮಾತು.

ಪ್ರಶ್ನೆ: ಮೇಷ್ಟ್ರೇ, ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ. ವಿಡಿಯೋ ನೋಡಿ ಬೀಗದ ಹುಚ್ಚು ಹತ್ತಿದೆ. ಆನ್‌ಲೈನಿನಲ್ಲಿ 24 ಪೀಸಿನ ಪಿಕ್ (ಬೀಗ ತೆಗೆಯುವ ಕಡ್ಡಿ) ಸೆಟ್, ಜೊತೆಗೆ ಒಂದು ಪ್ಲಾಸ್ಟಿಕ್ ಬೀಗ ಕಮ್ಮಿ ಬೆಲೆಗೆ ಸಿಗುತ್ತಿದೆ. ತಗೊಳ್ಳಲಾ?
— ಎಸ್.ಕೆ., ದಾವಣಗೆರೆ

ಬೇಡ. ಆ 24ರಲ್ಲಿ ನಿಮ್ಮ ಕೈ ದಿನಾ ಹುಡುಕುವುದು ಮೂರೋ ನಾಲ್ಕೋ. ಉಳಿದವು ಫೋಟೋದಲ್ಲಿ ಚೀಲ ತುಂಬಿ ಕಾಣಲಿ ಅಂತ ಇರುವಂಥವು.

ಬೀಗದ ಒಳಗೆ ಏನಿದೆ ಅಂತ ಗೊತ್ತಾದರೆ ಯಾವ ಕಡ್ಡಿ ಬೇಕು ಅಂತ ತಾನಾಗಿಯೇ ಗೊತ್ತಾಗುತ್ತದೆ. ನಾವು ಇಲ್ಲಿ ಮಾತಾಡುತ್ತಿರುವುದು ಪಿನ್ ಬೀಗದ ಬಗ್ಗೆ. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇವತ್ತಿಗೂ ಇದರ ಮೂಲ. ತಿರುಗುವ ಸಿಲಿಂಡರಿನಲ್ಲಿ ಸಾಲಾಗಿ ತೂತುಗಳು. ಒಂದೊಂದು ತೂತಿನಲ್ಲೂ ಒಂದರ ಮೇಲೊಂದು ಎರಡು ಪಿನ್, ಅದರ ಮೇಲೆ ಸ್ಪ್ರಿಂಗ್. ಸರಿಯಾದ ಕೀಲಿ ಹಾಕಿದಾಗ ಆ ಎರಡು ಪಿನ್ನಿನ ನಡುವಿನ ಸಂದು ಸಿಲಿಂಡರಿನ ಅಂಚಿಗೆ ಸಮವಾಗಿ ಬರುತ್ತದೆ. ಎಲ್ಲ ಜೋಡಿಯೂ ಹಾಗೆ ಬಂದರೆ ಬೀಗ ತಿರುಗುತ್ತದೆ.

ಈಗ ಮಜಾ ನೋಡಿ. ಕಾರ್ಖಾನೆಯಲ್ಲಿ ಎಷ್ಟೇ ಜಾಗ್ರತೆಯಿಂದ ಡ್ರಿಲ್ ಹೊಡೆದರೂ ತೂತುಗಳು ಕೂದಲೆಳೆಯಷ್ಟು ಆಚೀಚೆ ಆಗೇ ಆಗುತ್ತವೆ. ಅದಕ್ಕೇ ಸಿಲಿಂಡರನ್ನು ಮೆಲ್ಲಗೆ ತಿರುಗಿಸಿ ಹಿಡಿದರೆ ಎಲ್ಲ ಪಿನ್ನೂ ಒಟ್ಟಿಗೆ ಬಿಗಿಯುವುದಿಲ್ಲ. ಯಾವುದೋ ಒಂದು ಮೊದಲು ಬಿಗಿಯುತ್ತದೆ. ಅದನ್ನು ಹುಡುಕಿ ಎತ್ತಿ ಕೂರಿಸಿ. ಸಿಲಿಂಡರ್ ಒಂಚೂರು ತಿರುಗುತ್ತದೆ, ಇನ್ನೊಂದು ಪಿನ್ ಬಿಗಿಯುತ್ತದೆ. ಆಟ ಇಷ್ಟೇ.

ಅಂದರೆ ಎರಡು ಕೈಗೆ ಎರಡು ಕೆಲಸ. ಒಂದು ಕೈ ಪಿನ್ ಎತ್ತುತ್ತದೆ, ಇನ್ನೊಂದು ತಿರುಗಿಸಿ ಹಿಡಿದಿರುತ್ತದೆ. ಎತ್ತುವುದಕ್ಕೆ ಒಂದು ಗಿಡ್ಡ ಹುಕ್ ಬೇಕು. ಅದಕ್ಕಿಂತ ಸ್ವಲ್ಪ ಎತ್ತರದ ಇನ್ನೊಂದು ಹುಕ್ ಇದ್ದರೆ ಒಳ್ಳೆಯದು. ಮುಂದಿನ ಪಿನ್ ಕೆಳಗೇ ಇದ್ದು ಹಿಂದಿನದನ್ನು ಜಾಸ್ತಿ ಎತ್ತಬೇಕಾದಾಗ ಗಿಡ್ಡ ಹುಕ್ ಎಟಕುವುದಿಲ್ಲ. ಚೆಂಡಿನ ತಲೆಯದು, ಅರ್ಧ ಚೆಂಡಿನದು, ಎರಡು ಚೆಂಡಿನದು, ಇವನ್ನೆಲ್ಲ ಈ ಬೀಗಕ್ಕೆ ಯಾಕೆ ಕೊಡುತ್ತಾರೋ ಕೊಡುವವರನ್ನೇ ಕೇಳಬೇಕು. ರೇಕ್, ಅಂದರೆ ಅಂಕುಡೊಂಕು ತುದಿಯ ಕಡ್ಡಿ, ಬೇಕಾದರೆ ಒಂದು ಇರಲಿ, ಮೂರು ಉಬ್ಬಿನ ‘ಬೊಗೊಟಾ’ ಮಾದರಿ ಒಳ್ಳೆಯದು. ರೇಕ್ ಹಾಕಿ ಗರಗರ ಆಡಿಸಿದರೆ ಅಗ್ಗದ ಬೀಗ ತೆರೆದುಕೊಳ್ಳುತ್ತದೆ, ಆದರೆ ಯಾವ ಪಿನ್ ಯಾವಾಗ ಕೂತಿತು ಅಂತ ನಿಮಗೆ ಒಂದಿಷ್ಟೂ ಗೊತ್ತಾಗುವುದಿಲ್ಲ.

ದುಡ್ಡು ಹಾಕಬೇಕಾದ್ದು ಇನ್ನೊಂದು ಕೈಗೆ, ಅಂದರೆ ಸಿಲಿಂಡರನ್ನು ತಿರುಗಿಸಿ ಹಿಡಿಯುವ ಟೆನ್ಷನ್ ಟೂಲಿಗೆ. ಹೊಸಬರು ಇದನ್ನೇ ಅಸಡ್ಡೆ ಮಾಡುತ್ತಾರೆ. ಅಗ್ಗದ ಸೆಟ್ಟಿನಲ್ಲಿ ಒಂದೋ ಎರಡೋ ಬಾಗಿಸಿದ ತಗಡಿನ ಪಟ್ಟಿ ಇರುತ್ತದೆ. ಒತ್ತಿದರೆ ಬೀಗ ತಿರುಗುವ ಮೊದಲು ಪಟ್ಟಿಯೇ ತಿರುಚಿಕೊಳ್ಳುತ್ತದೆ. ಮೇಲಾಗಿ ಅದು ಕೂರುವುದು ಪಿನ್ ಇಲ್ಲದ ಕಡೆಯ ಅಂಚಿನಲ್ಲಿ. ಕೀಲಿಯ ಕಂಡಿ ಮೊದಲೇ ಇಕ್ಕಟ್ಟು, ಅರ್ಧ ಜಾಗ ಇದಕ್ಕೇ ಹೋದರೆ ಹುಕ್ ಆಡುವುದೆಲ್ಲಿ? ಪಿನ್ ಇರುವ ಕಡೆಯ ಅಂಚಿನಲ್ಲಿ, ಬಾಯಿಯಲ್ಲೇ ಬಿಗಿಯಾಗಿ ಕೂರುವ ಚಪ್ಪಟೆ ಟೂಲ್ ತಗೊಳ್ಳಿ. ಒಂದು ಮಿಲಿಮೀಟರ್ ಆಸುಪಾಸಿನ ದಪ್ಪದಲ್ಲಿ ಮೂರ್ನಾಲ್ಕು ಬೇರೆಬೇರೆ ಅಳತೆ ಇರಲಿ. ಸಡಿಲ ಇದ್ದರೆ ಜಾರುತ್ತದೆ. ತುದಿ ಉದ್ದ ಇದ್ದರೆ ಮೊದಲ ಪಿನ್ನಿಗೆ ತಾಗುತ್ತದೆ, ಆಗ ಅರದಲ್ಲಿ ಉಜ್ಜಿ ಗಿಡ್ಡ ಮಾಡಿ. ಒತ್ತಡ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಹಾಲಿನ ಮೇಲಿನ ಕೆನೆಯನ್ನು ಬೆರಳಲ್ಲಿ ಬದಿಗೆ ಸರಿಸುವಷ್ಟು, ಅಷ್ಟೇ. ಬಲ ಹಾಕಿದರೆ ಎಲ್ಲ ಪಿನ್ನೂ ಒಟ್ಟಿಗೆ ಸಿಕ್ಕಿಕೊಂಡು ಕೈಗೆ ಏನೂ ತಿಳಿಯುವುದಿಲ್ಲ.

ಕಡ್ಡಿಯ ದಪ್ಪ ನೋಡಿ. ಸಾಮಾನ್ಯ ಅಳತೆ 0.6 ಮಿ.ಮೀ. ಇಕ್ಕಟ್ಟಿನ ಕಂಡಿಗೆ 0.5ರ ಆಸುಪಾಸಿನದು ಸಲೀಸು. ಸ್ಟೇನ್‌ಲೆಸ್ ಆಗಿರಲಿ. ಬೆರಳಿನಿಂದ ಅಂಚು ಸವರಿ ನೋಡಿ, ತರಿತರಿ ಇದ್ದರೆ ಒಳಗಿನ ಗೋಡೆಗೆ ಕೆರೆಯುತ್ತದೆ, ಪಿನ್ನಿನ ಸಣ್ಣ ‘ಟಿಕ್’ ಆ ಕೆರೆತದಲ್ಲೇ ಮುಚ್ಚಿಹೋಗುತ್ತದೆ. 400ರಿಂದ ಶುರುಮಾಡಿ 1000 ನಂಬರಿನ ಎಮರಿ ಪೇಪರ್‌ವರೆಗೆ ಉಜ್ಜಿದರೆ ಅಗ್ಗದ ಕಡ್ಡಿಯೂ ಮರ್ಯಾದಸ್ಥನಾಗುತ್ತದೆ. ಹಿಡಿಗೆ ದಪ್ಪ ಮೆತ್ತನೆ ರಬ್ಬರ್ ಸುತ್ತಿದ್ದರೆ ನನಗಂತೂ ಆಗದು, ಬೆರಳಿಗೆ ಬರಬೇಕಾದ ಸುದ್ದಿಯನ್ನು ರಬ್ಬರೇ ನುಂಗುತ್ತದೆ.

ಇನ್ನು ಆ ಪ್ಲಾಸ್ಟಿಕ್ ಬೀಗ. ಒಳಗಿನ ಆಟ ನೋಡಲು ಚೆನ್ನ, ಕೈ ಪಳಗಿಸಲು ಅಲ್ಲ. ಅದರ ಅಳತೆಗಳು ಎಷ್ಟು ಸಡಿಲ ಅಂದರೆ ಸುಮ್ನೆ ಅಲ್ಲಾಡಿಸಿದರೂ ತೆರೆದುಕೊಳ್ಳುತ್ತದೆ.

ಪ್ರಶ್ನೆ: ಪಿಕ್‌ಗಳನ್ನು ನಾವೇ ಮಾಡಿಕೊಳ್ಳಬಹುದೇ? ನಮ್ಮದು ಸಣ್ಣ ವೆಲ್ಡಿಂಗ್ ಅಂಗಡಿ.
— ಎಂ., ಗೋಕಾಕ

ಖಂಡಿತ. ಅಂಗಡಿಯಲ್ಲೇ ಸಾಮಾನು ಇದೆ. ಹ್ಯಾಕ್ಸಾ ಬ್ಲೇಡಿನ ದಪ್ಪ ಹೆಚ್ಚುಕಮ್ಮಿ 0.6 ಮಿ.ಮೀ., ಪಿಕ್ಕಿಗೆ ಬೇಕಾದಷ್ಟೇ. ಆದರೆ ಬಾಗಿಸಿದರೆ ಪಟ್ಟಂತ ಮುರಿಯುವ ಬ್ಲೇಡ್ ಬೇಡ, ಬಳುಕುವಂಥದ್ದನ್ನು ಆರಿಸಿ. ಹಲ್ಲುಗಳನ್ನು ಗ್ರೈಂಡರಿನಲ್ಲಿ ತೆಗೆಯಿರಿ, ಆಕಾರವನ್ನು ಮಾರ್ಕರಿನಲ್ಲಿ ಬರೆದುಕೊಂಡು ಕೊರೆಯಿರಿ. ಪಕ್ಕದಲ್ಲಿ ನೀರಿನ ಡಬ್ಬಿ ಇರಲಿ. ಎರಡು ಸಲ ತಾಗಿಸಿ, ಒಂದು ಸಲ ಅದ್ದಿ. ಉಕ್ಕು ನೀಲಿ ತಿರುಗಿತು ಅಂದರೆ ಅದರ ಹದ ಹೋಯಿತು ಅಂತಲೇ ಲೆಕ್ಕ, ಅಂಥ ತುದಿ ಬೀಗದೊಳಗೆ ಬಾಗುತ್ತದೆ. ಕೊನೆಯ ಕೆಲಸ ಗ್ರೈಂಡರಿಗೆ ಬಿಡಬೇಡಿ, ಸೂಜಿ ಅರದಲ್ಲೇ ಮಾಡಿ. ಕನ್ನಡಕ ಹಾಕಿಕೊಳ್ಳಿ ಅಂತ ಐಟಿಐ ಮೇಷ್ಟ್ರಾಗಿದ್ದವನು ಹೇಳದೇ ಇರಲಾರೆ.

ಟೆನ್ಷನ್ ಟೂಲಿಗೆ ಹಳೆಯ ಕಾರಿನ ವೈಪರ್ ಹುಡುಕಿ. ರಬ್ಬರಿನ ಎರಡೂ ಬದಿಗೆ ಉದ್ದಕ್ಕೆ ತೆಳ್ಳನೆಯ ಉಕ್ಕಿನ ಪಟ್ಟಿ ಇರುತ್ತದೆ. ಗ್ಯಾರೇಜಿನವರು ಎಸೆಯುವ ಈ ಪಟ್ಟಿಯಿಂದ ನಾಲ್ಕಾರು ಟೂಲ್ ಬರುತ್ತವೆ.

ಪ್ರಶ್ನೆ: ಸರ್, ಒಳ್ಳೆ ಸೆಟ್ಟೇ ತಂದಿದ್ದೇನೆ. ಮನೆಯಲ್ಲಿ ಬಿದ್ದಿದ್ದ ಹಿತ್ತಾಳೆ ಬೀಗಕ್ಕೆ ವಾರಗಟ್ಟಲೆ ಗುದ್ದಾಡಿದರೂ ಒಂದು ಪಿನ್ನೂ ಸಿಗುತ್ತಿಲ್ಲ.
— ಹೆಸರು ಬೇಡ, ಹಾಸನ

ಬೀಗದ ಮೈ ಮೇಲೆ ‘6 ಲೀವರ್ಸ್’, ‘7 ಲೀವರ್ಸ್’ ಅಂತ ಏನಾದರೂ ಒತ್ತಿದ್ದಾರಾ ನೋಡಿ. ಇದ್ದರೆ ಅದರಲ್ಲಿ ಪಿನ್ನೇ ಇಲ್ಲ, ಸಿಗುವುದೆಲ್ಲಿಂದ? ನಮ್ಮ ದೇಶದ ಬೀಗಗಳಲ್ಲಿ, ಅದರಲ್ಲೂ ಅಲೀಗಢದ ಕಡೆಯಿಂದ ಬರುವವುಗಳಲ್ಲಿ, ಲೀವರ್ ಬೀಗಗಳು ಬಹಳ. ಒಳಗೆ ಲೀವರ್ ಎಂಬ ತೆಳ್ಳನೆಯ ತಗಡುಗಳು ಒಂದರ ಪಕ್ಕ ಒಂದು ಇರುತ್ತವೆ, ಪ್ರತಿಯೊಂದನ್ನೂ ಸರಿಯಾದ ಎತ್ತರಕ್ಕೆ ಎತ್ತಿದರೆ ಮಾತ್ರ ಬೋಲ್ಟ್, ಅಂದರೆ ಒಳಗಿನ ಅಗುಳಿ, ಸರಿಯುತ್ತದೆ. ಅದಕ್ಕೆ ತುದಿ ಬಾಗಿದ ಎರಡು ಗಟ್ಟಿ ತಂತಿ ಬೇಕು. ಒಂದು ಒಳಗೆ ಹೋಗಿ ಬೋಲ್ಟನ್ನು ಒತ್ತಿ ಹಿಡಿಯುತ್ತದೆ, ಇನ್ನೊಂದು ತಂತಿ ಲೀವರನ್ನು ಎತ್ತುತ್ತದೆ. ವಿದೇಶಿ ವಿಡಿಯೋ ನೋಡಿ ಕಲಿಯುವವರೆಲ್ಲ ಎಡವುವುದು ಇಲ್ಲೇ. ನಿಮ್ಮ ಸೆಟ್ಟಿನ ತಪ್ಪಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಾದಾ ಪಿನ್ ಬೀಗ ಅಂತ ಕೇಳಿ ತಗೊಳ್ಳಿ, ನಾಲ್ಕು ಪಿನ್ನಿನದಾದರೆ ಇನ್ನೂ ಒಳ್ಳೆಯದು. ಲೀವರ್ ಬೀಗ ಆಮೇಲೆ.

ಪ್ರಶ್ನೆ: ನನ್ನ ಮಗನಿಗೆ ಪೋಸ್ಟಿನಲ್ಲಿ ಇಂಥ ಒಂದು ಪೊಟ್ಟಣ ಬಂದಿದೆ. ಇದು ಕಳ್ಳರ ವಿದ್ಯೆ ಅಲ್ವಾ? ಪೊಲೀಸರು ಹಿಡಿಯುವುದಿಲ್ಲವೇ?
— ಒಬ್ಬ ತಾಯಿ, ಶಿವಮೊಗ್ಗ

ಗಾಬರಿ ಬೇಡಮ್ಮ. ಕಳ್ಳರಿಗೆ ಇಷ್ಟು ತಾಳ್ಮೆ ಇರುವುದಿಲ್ಲ, ಅವರದ್ದು ಕಬ್ಬಿಣದ ಸಲಾಕೆಯ ಕೆಲಸ. ಲಂಡನ್ನಿನಲ್ಲಿ ಬ್ರಾಮಾ ಕಂಪನಿ ತನ್ನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗ ಇಟ್ಟು, ತೆಗೆದವರಿಗೆ 200 ಗಿನಿ (ಆಗಿನ ಬ್ರಿಟಿಷ್ ಹಣ) ಬಹುಮಾನ ಅಂತ ಬೋರ್ಡು ಹಾಕಿತ್ತು. ಹತ್ತಾರು ವರ್ಷ ಯಾರಿಂದಲೂ ಆಗಲಿಲ್ಲ. 1851ರಲ್ಲಿ ಅಮೆರಿಕದಿಂದ ಬಂದ ಎ.ಸಿ. ಹಾಬ್ಸ್ ಅದನ್ನು ತೆಗೆದರು. ಹಿಡಿದದ್ದು 16 ದಿನಗಳಲ್ಲಿ ಹಂಚಿಕೊಂಡ 51 ಗಂಟೆ. ಹಾಬ್ಸ್ ಕಳ್ಳರಲ್ಲ, ಬೀಗದ ವ್ಯಾಪಾರದವರೇ. ಆಗ ಇಂಗ್ಲೆಂಡಿನವರಿಗೆ ತಮ್ಮ ಬೀಗಗಳ ಹುಳುಕು ಗೊತ್ತಾಯಿತು.

ಕಾನೂನು ನೋಡುವುದು ಉದ್ದೇಶವನ್ನು. ಆದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ, ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಸರಿಯಾದ ಕಾರಣವಿಲ್ಲದೆ ಮನೆ ಒಡೆಯುವ ಸಾಧನ ಇಟ್ಟುಕೊಂಡು ಸಿಕ್ಕಿಬಿದ್ದವರಿಗೆ ಶಿಕ್ಷೆ ಇದೆ. ‘ಹವ್ಯಾಸ ಸರ್’ ಅಂತ ರಾತ್ರಿ ಹತ್ತಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಕಾನ್‌ಸ್ಟೇಬಲ್‌ಗೆ ಒಪ್ಪಿಸುವ ಪ್ರಸಂಗ ಬೇಡ. ಚೀಲ ಮನೆಯಲ್ಲೇ ಇರಲಿ.

ಮಗನಿಗೆ ಎರಡು ನಿಯಮ ಹೇಳಿ. ನೆದರ್ಲೆಂಡ್ಸ್‌ನಲ್ಲಿ ಶುರುವಾದ ‘ಟೂಲ್’ ಎಂಬ ಹವ್ಯಾಸಿಗಳ ಸಂಘದವರೂ ಇದನ್ನೇ ಹೇಳುತ್ತಾರೆ. ತನ್ನದಲ್ಲದ ಬೀಗವನ್ನು ಒಡೆಯರ ಒಪ್ಪಿಗೆ ಇಲ್ಲದೆ ಮುಟ್ಟಬಾರದು. ಬಳಕೆಯಲ್ಲಿರುವ ಬೀಗವನ್ನು, ಅದು ತನ್ನದೇ ಆದರೂ, ಮುಟ್ಟಬಾರದು. ಎರಡನೆಯದನ್ನು ಹುಡುಗರು ಕೇಳುವುದಿಲ್ಲ. ಕಡ್ಡಿಯ ತುದಿ ಮುರಿದು ಮುಂಬಾಗಿಲ ಬೀಗದೊಳಗೆ ಉಳಿದರೆ ಮನೆಮಂದಿಯೆಲ್ಲ ವರಾಂಡದಲ್ಲೇ.

ಪ್ರಶ್ನೆ: ಬೀರುವಿನ ಕೀಲಿ ಕಳೆದಿದೆ. ಯಾವ ಪಿಕ್ ತರಲಿ?
— ಜಿ.ಎನ್., ತುಮಕೂರು

ಕೀಲಿ ಮಾಡುವವರನ್ನು ಕರೆತನ್ನಿ.

ಪ್ರಶ್ನೆ: ಮಳೆಗಾಲದಲ್ಲಿ ಪಿಕ್‌ಗಳಿಗೂ ಬೀಗಗಳಿಗೂ ತುಕ್ಕು ಹಿಡಿಯುತ್ತದೆ. ಕೊಬ್ಬರಿ ಎಣ್ಣೆ ಬಿಡಬಹುದಾ?
— ಆರ್.ಬಿ., ಕುಂದಾಪುರ

ಕಡ್ಡಿಗಳಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ತೊಟ್ಟು ಸವರಿ ಬಟ್ಟೆಯಲ್ಲಿ ಒರೆಸಿಡಿ, ಸಾಕು. ಹ್ಯಾಕ್ಸಾ ಬ್ಲೇಡಿನಿಂದ ಮಾಡಿದ್ದಾದರೆ ಕರಾವಳಿಯಲ್ಲಿ ಇದು ಕಡ್ಡಾಯ, ಸ್ಟೇನ್‌ಲೆಸ್ಸಿಗೆ ಅಷ್ಟು ಚಿಂತೆ ಇಲ್ಲ. ಬೀಗಕ್ಕೆ ಕೊಬ್ಬರಿ ಎಣ್ಣೆ ಮಾತ್ರ ಬೇಡವೇ ಬೇಡ. ಧೂಳು ಸೇರಿ ಅಂಟಾಗುತ್ತದೆ, ಚಳಿಗೆ ಗಟ್ಟಿಯಾಗುತ್ತದೆ, ಸಣ್ಣ ಸ್ಪ್ರಿಂಗುಗಳು ಪಿನ್ನನ್ನು ವಾಪಸ್ ತಳ್ಳಲಾರದೆ ಹೋಗುತ್ತವೆ. ಗ್ರಾಫೈಟ್ ಪುಡಿ ತನ್ನಿ. ಸಿಗದಿದ್ದರೆ ಮೆತ್ತನೆಯ ಪೆನ್ಸಿಲ್ಲನ್ನು ಕೀಲಿಗೆ ಚೆನ್ನಾಗಿ ಉಜ್ಜಿ, ಕೀಲಿಯನ್ನು ನಾಲ್ಕೈದು ಸಲ ಒಳಗೆ ಹೊರಗೆ ಆಡಿಸಿ.