ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು ಇರುವುದರಿಂದ ಅಲ್ಲಿ ಓದದವರಿಗೆ ಏನು ಪ್ರಯೋಜನ?

ಮುಖ್ಯ ಪ್ರಯೋಜನವೆಂದರೆ, ಕಾಲೇಜಿನ ಜೊತೆಗೆ ಒಂದು ದೊಡ್ಡ ಆಸ್ಪತ್ರೆಯೂ ಬರುತ್ತದೆ. ಏಕೆಂದರೆ ಸಾಕಷ್ಟು ಹಾಸಿಗೆ, ರೋಗಿಗಳು ಮತ್ತು ಪ್ರತಿ ವಿಭಾಗಕ್ಕೂ ಬೋಧಕ ವೈದ್ಯರು ಇಲ್ಲದೆ ವೈದ್ಯಕೀಯ ಪದವಿ ಕಲಿಸಲು ಅನುಮತಿಯೇ ಸಿಗುವುದಿಲ್ಲ.

1961ರಲ್ಲಿ ಆರಂಭವಾದ, ಜನ ಇಂದಿಗೂ ವಿಮ್ಸ್ (ವಿಜಯನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಎಂಬ ಹಳೆಯ ಹೆಸರಿನಿಂದಲೇ ಕರೆಯುವ ಇಲ್ಲಿನ ಸರ್ಕಾರಿ ಕಾಲೇಜನ್ನೇ ನೋಡಿ. ಸಣ್ಣ ಆಸ್ಪತ್ರೆಯಲ್ಲಿ ರಾತ್ರಿ ಒಬ್ಬ ವೈದ್ಯರಿದ್ದರೆ ಅದೇ ಹೆಚ್ಚು. ಬೋಧನಾ ಆಸ್ಪತ್ರೆಯಲ್ಲಾದರೆ ಓದು ಮುಗಿಸಿ ತರಬೇತಿಯಲ್ಲಿರುವ ಹೌಸ್ ಸರ್ಜನ್‌ಗಳೂ ಸ್ನಾತಕೋತ್ತರ ವಿದ್ಯಾರ್ಥಿಗಳೂ ಪಾಳಿಯ ಮೇಲೆ ವಾರ್ಡಿನಲ್ಲೇ ಇರುತ್ತಾರೆ, ಅವರ ಕೆಲಸದ ಮೇಲೆ ಪ್ರಾಧ್ಯಾಪಕರ ಕಣ್ಣಿರುತ್ತದೆ. ಸಿರುಗುಪ್ಪದ ಕಡೆಯ ಭತ್ತದ ಗದ್ದೆಯಲ್ಲಿ ಹಾವು ಕಚ್ಚಿದವರನ್ನು ನಡುರಾತ್ರಿ ಕರೆತಂದರೆ, ವಿಷ ಮೈಗೇರಿದೆಯೇ ಎಂದು ತಿಳಿಯಲು ಅವರ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು ಹೆಪ್ಪುಗಟ್ಟಿತೇ ಎಂದು ನೋಡಬೇಕು, ಕಣ್ಣಿನ ರೆಪ್ಪೆ ಜೋಲುತ್ತಿದೆಯೇ ಎಂದು ಮತ್ತೆ ಮತ್ತೆ ಗಮನಿಸಬೇಕು. ಇವು ದುಬಾರಿ ಯಂತ್ರಕ್ಕಿಂತ ಎಚ್ಚರವಾಗಿರುವ ಕೈಗಳನ್ನು ಬೇಡುವ ಕೆಲಸಗಳು.

ವಿದ್ಯಾರ್ಥಿಗಳ ಲಾಭವೂ ಅಲ್ಲೇ ಇದೆ. ಸರ್ಕಾರಿ ಶುಲ್ಕ ಕಡಿಮೆ ಎಂಬುದು ಸರಿ, ಆದರೆ ಅದಕ್ಕಿಂತ ದೊಡ್ಡದು, ಪಠ್ಯದಲ್ಲಿ ಓದಿದ ಕಾಯಿಲೆಯನ್ನು ರೋಗಿಯ ಮೈಯಲ್ಲಿ ನೋಡಿ ಕಲಿಯುವ ಅವಕಾಶ.

ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಶೇ 70ರಷ್ಟು ಸೀಟುಗಳು ಈ ಭಾಗದವರಿಗೆ ಮೀಸಲಾಗಿರುವುದರಿಂದ, ರೋಗಿಯು ಕನ್ನಡದಲ್ಲಿ ಆರಂಭಿಸಿ ತೆಲುಗಿನಲ್ಲಿ ಮುಗಿಸಿದರೂ ತೊಡಕಿಲ್ಲದೆ ಕೇಳಿಸಿಕೊಳ್ಳಬಲ್ಲ ವೈದ್ಯರು ಇಲ್ಲಿಂದ ಹೊರಬರುತ್ತಾರೆ. ಅವರೆಲ್ಲರೂ ಇಲ್ಲಿಯೇ ಉಳಿಯುತ್ತಾರೆ ಎನ್ನಲಾಗದು. ಆದರೂ ಮನೆ, ಹೊಲ, ಹೆತ್ತವರು ಇಲ್ಲಿರುವವರು ಮರಳಿ ಬರುವ ಸಾಧ್ಯತೆ ಹೊರಗಿನವರಿಗಿಂತ ಹೆಚ್ಚು.