ಆಫ್‌ಸೆಟ್ ಮುಟ್ಟಬೇಡಿ, ಮೊದಲು ಕಿವಿಯಿಂದ ಇಯರ್‌ಬಡ್ ತೆಗೆಯಿರಿ

ಮಾರಾಯ್ರೆ, ಗುಂಪಿನಲ್ಲಿ ನೀವು ಹಾಕಿದ ಸ್ಕ್ರೀನ್‌ಶಾಟ್ ನೋಡಿ ಸುಮ್ಮನಿರಲು ಆಗಲಿಲ್ಲ. ಹಾಡಿನ ತಾಳಕ್ಕೆ ಪರದೆಯ ಮೇಲೆ ಬರುವ ನೋಟ್ ಒತ್ತುವ ಆಟ ಆರ್ಕೇಯಾದಲ್ಲಿ ಫ್ಯೂಚರ್ 9 ಅನ್ನುವ ಕಷ್ಟದ ಮಟ್ಟ, ಸಾವಿರದ ಹತ್ತಿರ ನೋಟ್, 112 ಫಾರ್ (ಸ್ವಲ್ಪ ಆಚೀಚೆ ಬಿದ್ದದ್ದು), 14 ಲಾಸ್ಟ್ (ಪೂರ್ತಿ ತಪ್ಪಿದ್ದು), ಸ್ಕೋರ್ 93 ಲಕ್ಷ. ಜೊತೆಗೆ ನೀವೇ ಬರೆದಿದ್ದೀರಿ, ವೈರ್‌ಲೆಸ್ ಇಯರ್‌ಬಡ್ ಹಾಕಿಕೊಂಡು ಆಫ್‌ಸೆಟ್ (ಹಾಡಿಗೂ ನೋಟಿಗೂ ಸಮಯ ಹೊಂದಿಸುವ ನಂಬರ್, ಮಿಲಿಸೆಕೆಂಡ್‌ನಲ್ಲಿ) 180ಕ್ಕೆ ಇಟ್ಟಿದ್ದೇನೆ, ನಿನ್ನೆ ಸರಿ ಇತ್ತು, ಇವತ್ತು ಇಲ್ಲ, ಫೋನ್ ಬದಲಿಸಬೇಕಾ ಅಂತ. ಬೇಡ. ಫೋನ್ ಸರಿಯಾಗಿದೆ, ನಿಮ್ಮ ಕೈಯೂ ಸರಿಯಾಗಿದೆ. ಇದೇ ತಪ್ಪನ್ನು ನಾನು ಒಂದೂವರೆ ತಿಂಗಳು ಮಾಡಿದ್ದೇನೆ.

ಲೆಕ್ಕ ನೋಡಿ. ಪ್ಯೂರ್, ಅಂದರೆ ಪೂರ್ತಿ ಅಂಕ, ಸಿಗಬೇಕಾದರೆ ನೋಟ್‌ನ ಆಚೀಚೆ 50 ಮಿಲಿಸೆಕೆಂಡ್ ಒಳಗೆ ಬೆರಳು ಬೀಳಬೇಕು. 100ರ ತನಕ ಫಾರ್, ಅದಕ್ಕೆ ಅರ್ಧವೇ ಅಂಕ. ಸಾಮಾನ್ಯ ಬ್ಲೂಟೂತ್ ಇಯರ್‌ಬಡ್‌ಗಳಲ್ಲಿ ಶಬ್ದ ಕಿವಿಗೆ ಬರುವಾಗಲೇ 150ರಿಂದ 250 ಮಿಲಿಸೆಕೆಂಡ್ ತಡ. ಆಫ್‌ಸೆಟ್ ಇಟ್ಟು ಹಾಡನ್ನು ಸರಿದೂಗಿಸಬಹುದು ನಿಜ, ಯಾಕೆಂದರೆ ಹಾಡಿನಲ್ಲಿ ಮುಂದೆ ಏನು ಬರುತ್ತದೆ ಅಂತ ಗೇಮ್‌ಗೆ ಮೊದಲೇ ಗೊತ್ತು. ನಿಮ್ಮ ಬೆರಳು ಯಾವಾಗ ಬೀಳುತ್ತದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಹಾಗಾಗಿ ಟ್ಯಾಪ್ ಶಬ್ದ ಯಾವಾಗಲೂ ಹಿಂದೆಯೇ. ಅದರ ಮೇಲೆ, ಇಯರ್‌ಬಡ್ ಒಮ್ಮೆ ಕಳಚಿ ಮತ್ತೆ ಕನೆಕ್ಟ್ ಮಾಡಿದರೆ ತಡವೂ ಸ್ವಲ್ಪ ಬದಲಾಗಬಹುದು. ನಿನ್ನೆಯ 180 ಇವತ್ತು 180 ಅಲ್ಲ.

ನಂಬಿಕೆ ಬರದಿದ್ದರೆ ಯಾವುದಾದರೂ ಪಿಯಾನೋ ಆ್ಯಪ್ ತೆರೆಯಿರಿ. ಇಯರ್‌ಬಡ್ ಹಾಕಿಕೊಂಡು ಒಂದೇ ಒಂದು ಕೀ ಒತ್ತಿ. ಉಗುರು ಗಾಜಿಗೆ ತಾಗುವ ಟಕ್ ಮೊದಲು ಕೇಳುತ್ತದೆ, ಸ್ವರ ಆಮೇಲೆ ಬರುತ್ತದೆ. ಆ ನಡುವಿನ ಖಾಲಿ ಜಾಗದಲ್ಲೇ ನಿಮ್ಮ 112 ಫಾರ್ ಕೂತಿದೆ.

ನನ್ನ ಕಥೆ ಕೇಳಿ. ಮಂಗಳೂರು–ಬೆಂಗಳೂರು ರಾತ್ರಿ ಬಸ್ಸಿನಲ್ಲಿ ಕೂತು ಇಯರ್‌ಬಡ್‌ಗೆ ಆಫ್‌ಸೆಟ್ ಹೊಂದಿಸಿದ್ದೆ. ಶಿರಾಡಿ ಘಾಟಿ ಹತ್ತುವಷ್ಟರಲ್ಲಿ ಸ್ಕೋರ್ 96 ಲಕ್ಷ ದಾಟಿತ್ತು, ಬಹಳ ಖುಷಿ. ಅದನ್ನೇ ನಂಬಿ ದಿನಾ ಅಭ್ಯಾಸ ಮಾಡಿದೆ. ಆಮೇಲೆ ಒಂದು ದಿನ ಆಫ್‌ಸೆಟ್ ಸೊನ್ನೆಗೆ ತಂದು ಸ್ಪೀಕರ್‌ನಲ್ಲಿ ಆಡಿದರೆ ಫ್ಯೂಚರ್‌ಗಿಂತ ಸುಲಭದ ಪ್ರೆಸೆಂಟ್ ಮಟ್ಟದ ಹಾಡಿನಲ್ಲೂ ಲೇಟ್, ಲೇಟ್, ಲೇಟ್. ಬೆರಳಿಗೆ ತಡವಾಗಿ ಬೀಳುವುದೇ ಅಭ್ಯಾಸವಾಗಿತ್ತು. ಅದನ್ನು ಬಿಡಿಸಲು ಇನ್ನೂ ಎರಡು ತಿಂಗಳು ಹಿಡಿಯಿತು. ನಿಮಗೆ ಹಾಗಾಗಬಾರದು.

ಈಗ ಮಾಡಬೇಕಾದ್ದು. ವೈರ್ ಇಯರ್‌ಫೋನ್ ಹಾಕಿ, ಇಲ್ಲದಿದ್ದರೆ ಫೋನಿನ ಸ್ಪೀಕರ್ ಸಾಕು. ಬ್ಯಾಟರಿ ಸೇವರ್ ಆಫ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಅರ್ಲಿ/ಲೇಟ್ ತೋರಿಸುವುದನ್ನು ಆನ್ ಮಾಡಿ. ಆಫ್‌ಸೆಟ್ ಸೊನ್ನೆಗೆ ತನ್ನಿ. ಕಣ್ಣು ಮುಚ್ಚಿ ಆಡುವಷ್ಟು ಗೊತ್ತಿರುವ ಒಂದು ಸುಲಭ ಹಾಡನ್ನು ಮೂರು ಸಲ ಆಡಿ, ಮೂರರಲ್ಲೂ ಫಾರ್‌ಗಳು ಒಂದೇ ಕಡೆ ವಾಲಿದರೆ ಮಾತ್ರ ಆಫ್‌ಸೆಟ್ 5ರಷ್ಟು ಬದಲಿಸಿ, ಮತ್ತೆ ಮೂರು ಸಲ. ಅರ್ಲಿ ಲೇಟ್ ಎರಡೂ ಸಮ ಇದ್ದರೆ ಅದು ಕೈಯ ತಪ್ಪು, ನಂಬರ್ ಮುಟ್ಟಲೇಬೇಡಿ. ದಯವಿಟ್ಟು ಒಂದು ಕೆಟ್ಟ ಆಟಕ್ಕೆಲ್ಲ ನಂಬರ್ ಬದಲಿಸುವ ಚಟ ಬೇಡ, ಈ ಗುಂಪಿನಲ್ಲಿ ಅರ್ಧ ಜನರಿಗೆ ಅದೇ ಕಾಯಿಲೆ.

ಹೆಡ್‌ಫೋನ್ ಜಾಕ್ ಇಲ್ಲದ ಫೋನ್ ಆದರೆ ವೈರ್ ಇಯರ್‌ಫೋನ್ ಚುಚ್ಚಲು ಟೈಪ್-ಸಿ ಡಾಂಗಲ್ ಬೇಕು. ಆಪಲ್‌ನದ್ದು ಚೆನ್ನಾಗಿದೆ, ಆದರೆ ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಅದರ ಶಬ್ದ ಕಡಿಮೆ ಬರುತ್ತದೆ, ಗದ್ದಲದ ಮನೆಯಾದರೆ ಸಾಲದು. 'ಗೇಮಿಂಗ್ ಮೋಡ್' ಅಂತ ಡಬ್ಬದ ಮೇಲೆ ಬರೆದ ಇಯರ್‌ಬಡ್‌ಗೆ ದುಡ್ಡು ಹಾಕಬೇಡಿ. ಶೂಟಿಂಗ್ ಗೇಮ್‌ಗೆ ಅದು ಸಾಕಾಗಬಹುದು, ನಮ್ಮ ಆಟಕ್ಕೆ ಸಾಲದು. ದುಡ್ಡು ಇದ್ದರೆ ಹಳೆಯ ಐಪ್ಯಾಡ್ ತೆಗೆದುಕೊಳ್ಳಿ, ಮೇಜಿನ ಮೇಲೆ ಮಲಗಿಸಿ, ಜಾರದ ಹಾಗೆ ಕೆಳಗೆ ಬಟ್ಟೆ ಹಾಕಿ, ಹೆಬ್ಬೆರಳು ಬಿಟ್ಟು ತೋರುಬೆರಳಲ್ಲಿ ಆಡಿ. ಆರ್ಕ್‌ಗಳು (ಬೆರಳಿಟ್ಟು ಹಿಂಬಾಲಿಸಬೇಕಾದ ಬಾಗಿದ ಗೆರೆಗಳು) ಅಡ್ಡ ದಾಟುವಾಗ ಹೆಬ್ಬೆರಳು ಪರದೆಯನ್ನೇ ಮುಚ್ಚಿಬಿಡುತ್ತದೆ.

ಇನ್ನೊಂದು, ಶಿಯೋಮಿ, ರಿಯಲ್‌ಮಿ ಥರದ ಫೋನ್‌ಗಳಲ್ಲಿ ಮೂರು ಬೆರಳು ಎಳೆದರೆ ಸ್ಕ್ರೀನ್‌ಶಾಟ್ ಆಗುವ ಸೌಲಭ್ಯ ಇದೆ. ಅದನ್ನು ಮೊದಲು ಆಫ್ ಮಾಡಿ. ನಿಮ್ಮ 14 ಲಾಸ್ಟ್‌ನಲ್ಲಿ ಕೆಲವು ಅದರದ್ದೇ ಇರಬಹುದು. ನಮ್ಮ ಕರಾವಳಿ ಕಡೆ ಬೆವರು ಜಾಸ್ತಿ, ಬೆರಳಿಗೆ ಹಾಕುವ ತೆಳು ಬಟ್ಟೆಯ ಸ್ಲೀವ್ ಉಪಯೋಗಕ್ಕೆ ಬರುತ್ತದೆ.

ಯಾರೋ ಕೆಳಗೆ ಸೈಟಸ್‌ನಲ್ಲಿ ಬ್ಲೂಟೂತ್‌ನಿಂದ ತೊಂದರೆ ಇಲ್ಲವಲ್ಲ ಅಂದಿದ್ದಾರೆ. ತೈಪೆಯ ರಾಯಾರ್ಕ್‌ನವರು 2012ರಲ್ಲಿ ತಂದ ಆಟ ಅದು, ಮೇಲೆ ಕೆಳಗೆ ಓಡುವ ಗೆರೆ ಕಣ್ಣಿಗೆ ಕಾಣುತ್ತದೆ, ಕಿವಿ ಮುಚ್ಚಿದರೂ ಗೆರೆ ನೋಡಿ ಒತ್ತಬಹುದು. ಆರ್ಕೇಯಾದಲ್ಲಿ ನೋಟ್ ದೂರದಿಂದ ಬರುತ್ತದೆ, ಕೆಲವು ನೆಲದ ಮೇಲೆ, ಕೆಲವು ಆಕಾಶದಲ್ಲಿ. ಕಣ್ಣನ್ನೇ ನಂಬಿದರೆ ಕೈ ಗಲಿಬಿಲಿಯಾಗುತ್ತದೆ. ಕಿವಿ ಬೇಕೇ ಬೇಕು.

ಅದಕ್ಕೇ ಹೇಳುವುದು, ಬಾಯಲ್ಲಿ ಹೇಳಿಕೊಂಡು ಆಡಿ. ಮೂರು ಮೂರಾಗಿ ಬರುವ ಕಡೆ ತಕಿಟ ತಕಿಟ, ನಾಲ್ಕರ ಓಟಕ್ಕೆ ತಕಧಿಮಿ. ಚಿಕ್ಕವನಿದ್ದಾಗ ಎರಡು ವರ್ಷ ಮೃದಂಗ ಕಲಿತದ್ದು ಇಲ್ಲಿ ಕೈಹಿಡಿಯಿತು. ಹಾಡು ನಾಲ್ಕರಿಂದ ಮೂರಕ್ಕೆ ತಿರುಗುವ ಜಾಗದಲ್ಲಿ ಎಲ್ಲರೂ ಅವಸರ ಮಾಡುತ್ತಾರೆ. ಬಾಯಿ ಸರಿ ಹೇಳಿದರೆ ಬೆರಳು ಹಿಂದೆಯೇ ಬರುತ್ತದೆ. ಫೋನ್ ಕೆಳಗಿಟ್ಟು ಬರೀ ತೊಡೆಯ ಮೇಲೆ ತಟ್ಟಿ ನೋಡಿ ಮೊದಲು.

ಎಲ್ಲ ಹಾಡೂ ಅನ್‌ಲಾಕ್ ಆದ ಎಪಿಕೆ (ಆಂಡ್ರಾಯ್ಡ್ ಆ್ಯಪ್‌ನ ಫೈಲ್) ಕೊಡಿ ಅಂತ ಇಲ್ಲಿ ಕೇಳುವವರಿಗೆ ಒಂದು ಮಾತು. ಕೇಳಬೇಡಿ. ಆರ್ಕೇಯಾ ಮಾಡುವ ಲೋವಿರೋ ದೊಡ್ಡ ಕಂಪನಿ ಅಲ್ಲ, ಸ್ವತಂತ್ರ ಸ್ಟುಡಿಯೋ. 2017ರಿಂದ ಈ ಆಟಕ್ಕೆ ಹೊಸ ಹಾಡು ಸೇರಿಸುತ್ತಲೇ ಇದ್ದಾರೆ, ನಾವು ಕೊಳ್ಳುವ ಹಾಡಿನ ಪ್ಯಾಕ್‌ನಿಂದಲೇ ಅದು ನಡೆಯುವುದು. ದುಡ್ಡಿಲ್ಲದಿದ್ದರೆ ಉಚಿತ ಹಾಡುಗಳೇ ಬೇಕಾದಷ್ಟಿವೆ, ಅವನ್ನು 98 ಲಕ್ಷಕ್ಕೆ ಮುಟ್ಟಿಸಿ ಇಎಕ್ಸ್ ದರ್ಜೆ ತೆಗೆಯಿರಿ ನೋಡೋಣ. ಮತ್ತೆ ಫೋನ್ ಬದಲಿಸುವ ಮಾತಾಡಿದಿರಲ್ಲ, ಯಾವತ್ತಾದರೂ ಬದಲಿಸಿದರೆ ಅದಕ್ಕೆ ಮೊದಲು ಅಕೌಂಟ್‌ಗೆ ಹೋಗಿ ಕ್ಲೌಡ್‌ಗೆ ಸೇವ್ ಮಾಡಿ. ತಾನಾಗಿಯೇ ಆಗುತ್ತದೆ ಅಂತ ಬಿಡಬೇಡಿ.

ಇವತ್ತು ರಾತ್ರಿ ವೈರ್ ಹಾಕಿ ಅದೇ ಹಾಡು ಆಡಿ. ಅರ್ಲಿ ಎಷ್ಟು, ಲೇಟ್ ಎಷ್ಟು ಅಂತ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.